ಕೆಂಪು ಮಣ್ಣೋ, ತುಕ್ಕೋ? ಜೀಪಿನ ತಳಭಾಗದ ಕೆಸರು ಬಿಡದಿದ್ದಾಗ ನೋಡಬೇಕಾದ ಲಕ್ಷಣಗಳು

ಕೊಡಗಿನಲ್ಲಿ ಮಳೆಗಾಲ ಕಳೆದ ಜೀಪನ್ನು ತೊಳೆಯಲು ಕುಳಿತವರಿಗೆ ಮೊದಲು ಎದುರಾಗುವ ತೊಡಕು ಬಣ್ಣದ್ದು. ಇಲ್ಲಿನ ಬರೆಯ (ಗುಡ್ಡದ ಕಡಿದಾದ ಬದಿಯ) ಮಣ್ಣಿಗೂ ಕಬ್ಬಿಣದ ತುಕ್ಕಿಗೂ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡುಗಳೇ ಆಗಿರುವುದರಿಂದ, ಗಾಡಿಯ ಅಡಿಯಲ್ಲಿ ಕಾಣುವ ಕೆಂಪು ಮಚ್ಚೆ ಮಾಂದಲ್‌ಪಟ್ಟಿ ಬೆಟ್ಟದ ದಾರಿಯಿಂದ ಅಂಟಿಕೊಂಡು ಬಂದದ್ದೋ ಅಥವಾ ಚಾಸಿಸ್ಸನ್ನು, ಎಂದರೆ ಗಾಡಿಯ ಕಬ್ಬಿಣದ ಚೌಕಟ್ಟನ್ನು, ಒಳಗಿನಿಂದ ತಿನ್ನುತ್ತಿರುವುದೋ ಎಂಬುದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ನನ್ನ ಹಳೆಯ ಜೀಪಿನಲ್ಲಿ, ಹಿಂಬದಿಯ ಲೀಫ್ ಸ್ಪ್ರಿಂಗ್ ಚಾಸಿಸ್ಸಿಗೆ ಕೂಡುವ ಜಾಗದಲ್ಲಿದ್ದ ಅಂಗೈಯಗಲದ ಮಚ್ಚೆಯನ್ನು ಎರಡು ಮಳೆಗಾಲ ಮಣ್ಣೆಂದೇ ತಿಳಿದು ಬಿಟ್ಟಿದ್ದೆ. ಮೂರನೆಯ ವರ್ಷ ಅದನ್ನು ಕೆರೆಯಲು ಹೋದಾಗ ಸ್ಕ್ರೂಡ್ರೈವರ್ ಒಳಕ್ಕೇ ಇಳಿದುಹೋಯಿತು. ಆದ್ದರಿಂದ ತಳಭಾಗವನ್ನು ತೊಳೆಯುವ ಕೆಲಸವನ್ನು ನಾನು ಈಗ ತಪಾಸಣೆಯ ಕೆಲಸವೆಂದೇ ಎಣಿಸುತ್ತೇನೆ. ಕೆಳಗಿನ ಲಕ್ಷಣಗಳನ್ನು ಖರ್ಚಿಲ್ಲದ, ಸುಲಭವಾದ ಪರೀಕ್ಷೆಯಿಂದ ಆರಂಭಿಸಿ ಗ್ಯಾರೇಜಿಗೆ ಒಯ್ಯಲೇಬೇಕಾದ ಸ್ಥಿತಿಯವರೆಗೆ ಜೋಡಿಸಿದ್ದೇನೆ.

ಅಡಿಗೆ ನುಸುಳುವ ಮೊದಲು

ಥಾರ್, ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳಂತಹ ಗಾಡಿಗಳು ನೆಲದಿಂದ ಸಾಕಷ್ಟು ಎತ್ತರವಿರುವುದರಿಂದ ಹೆಚ್ಚಿನ ಪರೀಕ್ಷೆಗಳಿಗೆ ಜಾಕ್ ಹಾಕುವ ಅಗತ್ಯವೇ ಬರುವುದಿಲ್ಲ. ಒಂದು ಚಾಪೆಯೂ ಟಾರ್ಚೂ ಸಾಕು. ಎತ್ತಲೇಬೇಕಾದರೆ ಕಾಫಿ ಕಣದಂತಹ ಸಮತಟ್ಟಾದ ಕಾಂಕ್ರೀಟು ನೆಲವನ್ನೇ ಆರಿಸಿಕೊಳ್ಳಬೇಕು, ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸಬೇಕು, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು ಮತ್ತು ಗಾಡಿಯ ಭಾರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಿದ ನಂತರವೇ ಅಡಿಗೆ ಹೋಗಬೇಕು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು. ಜಂಬಿಟ್ಟಿಗೆ, ಸಿಮೆಂಟು ಬ್ಲಾಕುಗಳನ್ನು ಆಸರೆಗೆ ಇಡುವ ರೂಢಿ ತೋಟಗಳಲ್ಲಿ ಕಾಣುತ್ತದೆ. ಅವು ಬಿರುಕು ಬಿಡುವ ಸೂಚನೆಯನ್ನೇ ಕೊಡದೆ ಒಮ್ಮೆಗೇ ಪುಡಿಯಾಗುವಂಥವು. ಮಳೆ ನೆನೆದ ಅಂಗಳದ ಮಣ್ಣಿನಲ್ಲಿ ಜಾಕ್ ಒಂದು ಕಡೆಗೆ ಹೂತು ವಾಲುವುದೂ ಅಷ್ಟೇ ಅಪಾಯಕಾರಿ.

ಓಡಿಸಿ ಬಂದ ಗಾಡಿಯ ಸೈಲೆನ್ಸರ್ ಮತ್ತು ಬ್ರೇಕ್ ಡಿಸ್ಕ್‌ಗಳು ಆರಲು ಕನಿಷ್ಠ ಒಂದು ಗಂಟೆ ಬಿಡಬೇಕು. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗುವ, ಬೀಡುಕಬ್ಬಿಣದ ಭಾಗಗಳು ಬಿರಿಯುವ ಸಾಧ್ಯತೆ ಇದೆ, ನಮ್ಮ ಕೈ ಸುಡುವುದಂತೂ ಖಂಡಿತ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಕೆರೆಯುವ ಕೆಲಸವಾದ್ದರಿಂದ ಕಣ್ಣಿಗೆ ಕನ್ನಡಕವಿರಲಿ. ತೋಟದಿಂದ ನೇರವಾಗಿ ಬಂದ ಗಾಡಿಯಾದರೆ ಚಕ್ರದ ಸಂದುಗಳಲ್ಲಿ ಜಿಗಣೆಗಳೂ ಬಂದಿರುತ್ತವೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ.

ಪೈಪಿನ ನೀರು ಎಷ್ಟು ಬಿಟ್ಟರೂ ಕೆಸರು ಕದಲುವುದಿಲ್ಲ

ಇದು ದೋಷವಲ್ಲ, ಮಣ್ಣಿನ ಗುಣ. ಬರೆ ಕುಸಿದ ಜಾಗದ ಕೆಂಪು ಮಣ್ಣಿನಲ್ಲೂ ಗದ್ದೆಯ ಬೂದು ಕೆಸರಿನಲ್ಲೂ ಜೇಡಿಯ ಅಂಶ ಹೆಚ್ಚು. ಅದರ ಕಣಗಳು ಅತಿ ಸಣ್ಣವಾದ್ದರಿಂದ ಒಣಗುವಾಗ ಒಂದಕ್ಕೊಂದು ಬಿಗಿದು ಹೆಂಟೆಯಾಗುತ್ತವೆ, ಮತ್ತು ನೀರು ಆ ಬಿಗಿತದೊಳಗೆ ಇಳಿಯಲು ಒತ್ತಡಕ್ಕಿಂತ ಹೊತ್ತು ಹೆಚ್ಚು ಬೇಕು. ಐದು ನಿಮಿಷ ಜೋರಾಗಿ ನೀರು ಹೊಡೆದು ಬಿಡುವುದಕ್ಕಿಂತ ಅರ್ಧ ಗಂಟೆ ಮೆಲ್ಲಗೆ ನೆನೆಸುವುದು ಲೇಸು. ಕೈತೋಟಕ್ಕೆ ಬಳಸುವ ಸಣ್ಣ ಸ್ಪ್ರಿಂಕ್ಲರನ್ನು ಗಾಡಿಯ ಅಡಿಯಲ್ಲಿಟ್ಟು ಮೂವತ್ತು ನಲವತ್ತು ನಿಮಿಷ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೊಮ್ಮೆ ಬಿಟ್ಟರೆ ಹೆಂಟೆಗಳು ತಮ್ಮ ಭಾರಕ್ಕೇ ಕಳಚಿ ಬೀಳಲಾರಂಭಿಸುತ್ತವೆ. ಚಾಸಿಸ್ಸಿನ ಮೇಲ್ಮೈ, ಹಿಂದಿನ ಆಕ್ಸಲ್ ಹೌಸಿಂಗಿನ (ಚಕ್ರಗಳ ಅಚ್ಚನ್ನು ಮುಚ್ಚಿರುವ ಕವಚದ) ಮೇಲ್ಭಾಗ ಮುಂತಾಗಿ ಕೆಳಗಿನ ನೀರು ತಲುಪದ ಕಡೆಗಳಿಗೆ ನೆನೆಸಿದ ಗೋಣಿ ಚೀಲವನ್ನು ಹೊದಿಸಿಡಬಹುದು. ಕಾಫಿ ತೋಟದ ಮನೆಯಲ್ಲಿ ಗೋಣಿಗೆ ಬರವಿಲ್ಲವಲ್ಲ.

ನೆನೆದ ಮಣ್ಣನ್ನು ಬಿದಿರಿನ ಚಕ್ಕೆಯಿಂದಲೋ ಗಟ್ಟಿ ಪ್ಲಾಸ್ಟಿಕ್ ಬ್ರಷ್ಷಿನಿಂದಲೋ ಬಿಡಿಸಬೇಕು. ಕಬ್ಬಿಣದ ಸಲಾಕೆ, ಕತ್ತಿಯ ಮೊನೆಗಳಿಂದ ಕೆರೆದರೆ ತಳಕ್ಕೆ ಬಳಿದ ರಕ್ಷಣಾ ಲೇಪ ಕಿತ್ತುಬರುತ್ತದೆ, ಮುಂದಿನ ವರ್ಷದ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಬ್ರೇಕಿನ ಸಣ್ಣ ಲೋಹದ ಪೈಪುಗಳು, ವೈರುಗಳು ಹಾದುಹೋಗುವ ಕಡೆ ಚಕ್ಕೆಯನ್ನೂ ಬಿಟ್ಟು ಬಟ್ಟೆಯನ್ನೇ ಬಳಸಬೇಕು. ಉಳಿದ ಪೊರೆಗೆ ಕಾರ್ ಶಾಂಪೂ ಸಾಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಹಚ್ಚಿದರೆ ಕಲೆ ಬೇಗ ಹೋಗುವುದು ನಿಜ, ಏಕೆಂದರೆ ಅದರಲ್ಲಿನ ಹೈಡ್ರೋಕ್ಲೋರಿಕ್ ಆಮ್ಲವು ಕಲೆಯೊಂದಿಗೆ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಡೀಸೆಲ್ ಸಿಂಪಡಿಸಿ ತೊಳೆಯುವ ಹಳೆಯ ಪದ್ಧತಿಯೂ ಬೇಡ. ರಬ್ಬರ್ ಬುಷ್‌ಗಳು ಅದರಿಂದ ಊದಿಕೊಂಡು ಮೆತ್ತಗಾಗುತ್ತವೆ, ಉಳಿದ ಜಿಡ್ಡಿಗೆ ಮುಂದಿನ ದೂಳೆಲ್ಲ ಅಂಟುತ್ತದೆ ಮತ್ತು ಬ್ರೇಕ್ ಲೈನರಿಗೆ ತಗುಲಿದರೆ ಹಿಡಿತವೇ ಹೋಗುತ್ತದೆ.

ವಾಟರ್ ಸರ್ವಿಸ್‌ನಲ್ಲಿ ಅಥವಾ ಮನೆಯ ಪ್ರೆಶರ್ ವಾಷರಿನಲ್ಲಿ ತೊಳೆಯುವಾಗ ನಳಿಕೆಯನ್ನು ಒಂದಡಿ ದೂರವಿಟ್ಟು, ಬೀಸಣಿಗೆಯಂತೆ ಹರಡುವ ಧಾರೆಯನ್ನೇ ಬಿಡಬೇಕು. ಆಕ್ಸಲ್ ಸೀಲ್, ವೈರಿನ ಜೋಡಣೆ, ಆಲ್ಟರ್ನೇಟರ್, ಆಕ್ಸಲ್ಲಿನ ಒಳಗಿನ ಗಾಳಿ ಹೋಗಿ ಬರುವ ಗಾಳಿನಳಿಕೆ (ಬ್ರೀದರ್) ಇವುಗಳ ಕಡೆಗೆ ನೇರ ಧಾರೆ ಸಲ್ಲದು. ತೋಟದ ಪವರ್ ಸ್ಪ್ರೇಯರನ್ನೇ ಇದಕ್ಕೆ ಬಳಸುವವರಿಗೆ ಒಂದು ಮಾತು: ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹೊಡೆದ ಟ್ಯಾಂಕು ಮತ್ತು ಪೈಪಿನಲ್ಲಿ ಮೈಲುತುತ್ತದ ಅಂಶ ಉಳಿದಿದ್ದರೆ ಅದು ಕಬ್ಬಿಣಕ್ಕೆ ಶತ್ರು, ಆದ್ದರಿಂದ ಎರಡು ಮೂರು ಸಲ ಶುದ್ಧ ನೀರು ಹಾಯಿಸಿದ ಮೇಲೆಯೇ ಗಾಡಿಗೆ ತಿರುಗಿಸಬೇಕು. ರಸಗೊಬ್ಬರ ಹೇರಿದ ಪಿಕಪ್‌ಗಳಿಗೂ ಇದೇ ಎಚ್ಚರ ಬೇಕು. ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ; ಚೆಲ್ಲಿದ ಗೊಬ್ಬರ ಕೆಸರಿನೊಂದಿಗೆ ಬೆರೆತು ಚಾಸಿಸ್ಸಿನ ಮೇಲೆ ಕುಳಿತರೆ ಬರಿಯ ಮಣ್ಣಿಗಿಂತ ಬಹಳ ಬೇಗ ತಿನ್ನುತ್ತದೆ.

ಕೆಸರು ಹೋಯಿತು, ಕೆಂಪು ಕಲೆ ಮಾತ್ರ ಉಳಿಯಿತು

ಮೊದಲ ಪರೀಕ್ಷೆಗೆ ಹಳೆಯ ಬಿಳಿ ಪಂಚೆಯ ಒಂದು ತುಂಡು ಸಾಕು. ಅದನ್ನು ಒದ್ದೆ ಮಾಡಿ ಕಲೆಯ ಮೇಲೆ ಹತ್ತು ಸಲ ಒತ್ತಿ ಒರೆಸಬೇಕು. ಬಟ್ಟೆಗೆ ಬಣ್ಣ ಬಂದು, ಒರೆಸಿದಷ್ಟೂ ಕಲೆ ತೆಳುವಾಗುತ್ತಾ ಕೆಳಗಿನ ಕಪ್ಪು ಲೇಪ ಕಂಡರೆ ಅದು ಮಣ್ಣು. ತಳದ ಲೇಪ ತರಿತರಿಯಾಗಿರುವುದರಿಂದ ಸಣ್ಣ ಕಣಗಳು ಗುಳಿಗಳಲ್ಲಿ ಕುಳಿತಿರುತ್ತವೆ, ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಬಹುಪಾಲು ಹೋಗುತ್ತದೆ, ಪೂರ್ತಿ ಹೋಗದಿದ್ದರೂ ಅದರಿಂದ ಹಾನಿಯಿಲ್ಲ. ಎಷ್ಟು ಒರೆಸಿದರೂ ಕಲೆಯ ಅಂಚು ಅಲ್ಲೇ ನಿಂತಿದ್ದು, ಉಗುರು ಆಡಿಸಿದಾಗ ಲೇಪದ ಅಂಚು ಎದ್ದಿರುವುದು ಅಥವಾ ಹಕ್ಕಳೆ ಬರುವುದು ತಿಳಿದರೆ ಅದು ತುಕ್ಕು.

ಗದ್ದೆಯ ಕೆಸರು ಇಲ್ಲಿ ಇನ್ನೊಂದು ಗೊಂದಲ ಉಂಟುಮಾಡುತ್ತದೆ. ನೀರು ನಿಂತ ಗದ್ದೆಯಲ್ಲಿ ಗಾಳಿ ಸಿಗದೆ ಬೂದು ಬಣ್ಣದಲ್ಲಿದ್ದ ಮಣ್ಣಿನೊಳಗಿನ ಕಬ್ಬಿಣದ ಅಂಶ, ಗಾಡಿಗೆ ಅಂಟಿ ಒಣಗುವಾಗ ಗಾಳಿ ತಗುಲಿ ಕಂದು ಚುಕ್ಕೆಗಳಾಗಿ ತೋರುತ್ತದೆ. ಆಟಿ, ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಗದ್ದೆಗಿಳಿದ ಜೀಪನ್ನು ವಾರ ಬಿಟ್ಟು ನೋಡಿದವರು ಒಮ್ಮೆಗೇ ಇಡೀ ತಳ ತುಕ್ಕು ಹಿಡಿಯಿತೆಂದು ಗಾಬರಿಯಾಗುವುದುಂಟು. ಒದ್ದೆ ಬಟ್ಟೆಯ ಪರೀಕ್ಷೆ ಆ ಗಾಬರಿಯನ್ನೂ ತೀರಿಸುತ್ತದೆ.

ತುಕ್ಕೆಂದು ಖಚಿತವಾದ ಜಾಗವನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅದೇ ಚಾಸಿಸ್ಸಿನ ಚೆನ್ನಾಗಿರುವ ಭಾಗವನ್ನೂ ತಟ್ಟಿ, ಎರಡು ಸದ್ದುಗಳನ್ನು ಹೋಲಿಸಬೇಕು. ಎರಡೂ ಕಡೆ ಒಂದೇ ಗಟ್ಟಿ ಸದ್ದು ಬಂದರೆ ತುಕ್ಕು ಮೇಲ್ಮೈಯಲ್ಲಿದೆ. ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹದವರೆಗೆ ಉಜ್ಜಿ, ಪೂರ್ತಿ ಒಣಗಿಸಿ, ತುಕ್ಕು ತಡೆಯುವ ಪ್ರೈಮರ್ ಮತ್ತು ಬಣ್ಣ ಹಚ್ಚುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸದ್ದು ಮಂದವಾಗಿ, ಪದರು ಪದರಾಗಿ ಉದುರಿದರೆ ಅಥವಾ ಸ್ಕ್ರೂಡ್ರೈವರಿನ ಮೊನೆಗೆ ಲೋಹ ತಗ್ಗಿದರೆ ಅಲ್ಲಿಗೆ ಕೈ ನಿಲ್ಲಿಸಬೇಕು. ಸ್ಪ್ರಿಂಗ್, ಸ್ಟಿಯರಿಂಗ್ ಬಾಕ್ಸ್, ಬಾಡಿ ಇವು ಚಾಸಿಸ್ಸಿಗೆ ಕೂಡುವ ಜಾಗದಲ್ಲಿ ಹೀಗಾಗಿದ್ದರೆ ಆ ಗಾಡಿಯನ್ನು ಘಾಟಿ ದಾರಿಗೆ ಇಳಿಸುವುದೇ ತಪ್ಪು. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ ಇಂಧನದ ಟ್ಯಾಂಕು ಮತ್ತು ಪೈಪುಗಳನ್ನು ದೂರ ಮಾಡಬೇಕಾದ್ದರಿಂದ ಇದು ಅನುಭವಸ್ಥರ ಕೆಲಸ. ಬ್ರೇಕ್ ಪೈಪಿನ ಮೇಲೆ ಹಕ್ಕಳೆಯ ತುಕ್ಕು ಕಂಡರೆ ಅದನ್ನು ಕೆರೆದು ನೋಡುವ ಕುತೂಹಲವೂ ಬೇಡ, ಬದಲಿಸುವುದೊಂದೇ ದಾರಿ.

ತುಕ್ಕಿನ ಹೆದರಿಕೆಯಿಂದ ಮಳೆ ನಿಂತ ಕೂಡಲೇ ತಳಕ್ಕೆ ಹೊಸ ರಬ್ಬರ್ ಲೇಪ ಬಳಿಸುವವರಿದ್ದಾರೆ. ಮಣ್ಣೂ ತೇವವೂ ಒಳಗಿರುವಾಗ ಮೇಲೆ ಬಳಿದ ಲೇಪ ತುಕ್ಕನ್ನು ತಡೆಯುವುದಿಲ್ಲ, ಅದಕ್ಕೆ ಹೊದಿಕೆಯಾಗುತ್ತದೆ. ಕೊಡವರ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ, ಎಂದರೆ ಸೆಪ್ಟೆಂಬರಿನ ಆರಂಭಕ್ಕೆ, ಒಮ್ಮೆ ಚೆನ್ನಾಗಿ ತೊಳೆದು ಪರೀಕ್ಷಿಸಿ, ಲೇಪದ ಕೆಲಸವನ್ನು ಬಿಸಿಲು ಕಟ್ಟಿದ ಮೇಲೆ ಇಟ್ಟುಕೊಳ್ಳುವುದು ನನ್ನ ಕ್ರಮ.

ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗುತ್ತದೆ

ತೋಟದ ದಾರಿಯಲ್ಲಿ ಏನೂ ಇಲ್ಲದೆ, ಕುಶಾಲನಗರದ ಕಡೆಯ ನೇರ ರಸ್ತೆಯಲ್ಲಿ ಅರವತ್ತು ಎಪ್ಪತ್ತು ಕಿಲೋಮೀಟರ್ ವೇಗಕ್ಕೆ ಬಂದಾಗ ಮಾತ್ರ ನಡುಕ ಕಾಣಿಸಿದರೆ, ರಿಮ್ಮಿನ ಒಳಬದಿಯಲ್ಲಿ ಒಂದೇ ಕಡೆ ಕೆಸರು ಒಣಗಿ ಕುಳಿತಿರುವ ಸಾಧ್ಯತೆಯೇ ಹೆಚ್ಚು. ಹೊರಗಿನಿಂದ ಚಕ್ರ ಶುಭ್ರವಾಗಿಯೇ ಕಾಣುತ್ತಿರುತ್ತದೆ. ಕೈಯನ್ನು ಹಿಂದಕ್ಕೆ ಹಾಕಿ ಸುತ್ತಲೂ ತಡವಿದರೆ ಗಟ್ಟಿ ಸಿಗುತ್ತದೆ. ಬಿಡಿಸುವಾಗ ರಿಮ್ಮಿಗೆ ಅಂಟಿಸಿದ ಸೀಸದ ಸಣ್ಣ ತುಂಡುಗಳು ಕಿತ್ತುಬಾರದಂತೆ ನೋಡಿಕೊಳ್ಳಬೇಕು, ಏಕೆಂದರೆ ಚಕ್ರದ ಸಮತೋಲ ನಿಂತಿರುವುದು ಅವುಗಳ ಮೇಲೆ. ನಾಲ್ಕೂ ಚಕ್ರಗಳನ್ನು ಶುಚಿಗೊಳಿಸಿದ ಮೇಲೂ ನಡುಕ ಉಳಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ರಿಮ್ ಬಾಗಿದೆಯೇ ಎಂದು ನೋಡಿಸಬೇಕು. ಸ್ಟಿಯರಿಂಗ್ ಚಕ್ರ ತಿರುಗಿಸಿದರೂ ಗಾಡಿ ತಿರುಗಲು ತಡವಾಗುವಷ್ಟು ಸಡಿಲು ಇದ್ದರೆ ಅದು ಕೆಸರಿನ ಮಾತಲ್ಲ; ಓಡಿಸುವುದನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನೇ ಗಾಡಿಯ ಬಳಿಗೆ ಕರೆಸಬೇಕು.

ಓಡಿಸುವಾಗ ಸುಟ್ಟ ವಾಸನೆ ಬರುತ್ತದೆ

ಸೈಲೆನ್ಸರಿಗೆ ಮೆತ್ತಿದ ಬರಿಯ ಮಣ್ಣು ಕಾದಾಗ ಬರುವುದು ಹಸಿ ಇಟ್ಟಿಗೆ ಬೇಯುವಂತಹ ವಾಸನೆ, ಅದು ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಎಲೆ ಸುಟ್ಟ ವಾಸನೆ ಬಂದರೆ ಅದನ್ನು ಹಗುರವಾಗಿ ಕಾಣಬಾರದು. ತೋಟದೊಳಗೆ ಓಡುವ ಗಾಡಿಯ ಅಡಿಯ ರಕ್ಷಣಾ ತಗಡಿನ ಮೇಲೆ ಸಿಲ್ವರ್ ಓಕ್ ಮರದ ಒಣ ಎಲೆ, ಹುಲ್ಲು ಇವು ಕೆಸರಿನೊಂದಿಗೆ ಸೇರಿ ಗೂಡಿನಂತೆ ಕಟ್ಟಿಕೊಳ್ಳುತ್ತವೆ, ಮಳೆ ಬಿಟ್ಟ ಮೇಲೆ ಆ ಗೂಡು ಸೈಲೆನ್ಸರಿನ ಶಾಖಕ್ಕೆ ಒಣಗಿ ಕಿಡಿಗಾಗಿ ಕಾದಿರುತ್ತದೆ. 2020ರ ಏಪ್ರಿಲ್ ನಂತರದ, ಬಿಎಸ್-6 ಎಂಬ ಹೊಗೆ ನಿಯಂತ್ರಣ ಮಾನದಂಡದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಸುಟ್ಟು ತೆಗೆಯುವ ಫಿಲ್ಟರ್ ಇರುವುದರಿಂದ ಅಲ್ಲಿ ಆಗಾಗ ಏರುವ ಶಾಖ ಹಳೆಯ ಜೀಪುಗಳಿಗಿಂತ ಹೆಚ್ಚು. ವಾಸನೆ ಬಂದ ಕೂಡಲೇ ಒಣಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರದಿಂದ ಅಡಿಯನ್ನು ನೋಡಬೇಕು. ಹೊಗೆ ಇಲ್ಲದಿದ್ದರೆ ಪೂರ್ತಿ ಆರಿದ ಮೇಲೆ ಕಡ್ಡಿಯಿಂದ ಎಲೆಗಳನ್ನು ಎಳೆದು ತೆಗೆಯಬಹುದು. ಡೀಸೆಲ್ ಅಥವಾ ಪೆಟ್ರೋಲಿನ ವಾಸನೆಯೂ ಜೊತೆಗಿದ್ದರೆ ಎಂಜಿನ್ನನ್ನು ಮತ್ತೆ ಚಾಲೂ ಮಾಡಬಾರದು.

ತೊಳೆದು ಎರಡು ದಿನವಾದರೂ ಕೆಂಪು ನೀರು ತೊಟ್ಟಿಕ್ಕುತ್ತದೆ

ಜೀಪಿನ ಚಾಸಿಸ್ಸಿನ ಉದ್ದನೆಯ ತೊಲೆಗಳು ಒಳಗೆ ಟೊಳ್ಳಾಗಿದ್ದರೆ ಅವುಗಳ ಅಡಿಯಲ್ಲಿ ನೀರಿಳಿಯಲು ತೂತುಗಳಿರುತ್ತವೆ. ಆಳದ ಕೆಸರಿಗೆ ಇಳಿದಾಗ ಮಣ್ಣು ಒಳಹೊಕ್ಕು ಅದೇ ತೂತುಗಳನ್ನು ಮುಚ್ಚುತ್ತದೆ. ಆಮೇಲೆ ತೊಲೆ ಒಂದು ತೊಟ್ಟಿಯಾಗಿ, ಒದ್ದೆ ಮಣ್ಣು ತಿಂಗಳುಗಟ್ಟಲೆ ಅಲ್ಲೇ ಉಳಿದು ಒಳಗಿನಿಂದ ತಿನ್ನುತ್ತದೆ. ಅಂಗಳದಲ್ಲಿ ಕಾಣುವ ಕೆಂಪು ಹನಿ ಈ ಸ್ಥಿತಿಯ ಸೂಚನೆ, ಮತ್ತು ಹನಿ ಬೀಳುತ್ತಿರುವುದೇ ಭಾಗ್ಯ, ಏಕೆಂದರೆ ತೂತು ಪೂರ್ತಿ ಮುಚ್ಚಿಹೋದ ಗಾಡಿಯಲ್ಲಿ ಅದೂ ಕಾಣುವುದಿಲ್ಲ.

ತೂತುಗಳನ್ನು ಒಂದೊಂದಾಗಿ ಹುಡುಕಿ ಬಿದಿರು ಕಡ್ಡಿಯಿಂದ ಬಿಡಿಸಿ, ಮೇಲಿನ ಅಥವಾ ಮುಂದಿನ ತೂತಿನಿಂದ ಸಣ್ಣ ಪೈಪನ್ನು ಒಳಗೆ ತೂರಿಸಿ, ಕಡಿಮೆ ಒತ್ತಡದಲ್ಲಿ ನೀರು ಹಾಯಿಸಬೇಕು. ಕೆಳಗೆ ಬರುವ ನೀರು ತಿಳಿಯಾಗುವವರೆಗೆ ನಿಲ್ಲಿಸುವಂತಿಲ್ಲ. ನನ್ನ ಗಾಡಿಗೆ ಒಮ್ಮೆ ಒಂದು ಬದಿಗೇ ಮುಕ್ಕಾಲು ಗಂಟೆ ಹಿಡಿದಿತ್ತು. ನಂತರ ಗಾಡಿಯನ್ನು ಇಳಿಜಾರಿನಲ್ಲಿ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ವಾಲಿಸಿ ನಿಲ್ಲಿಸಿದರೆ ಉಳಿದ ನೀರೂ ಇಳಿಯುತ್ತದೆ. ನೀರಿನೊಂದಿಗೆ ತುಕ್ಕಿನ ಹಕ್ಕಳೆಗಳು ಬಂದರೆ, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಗ್ಯಾರೇಜಿನಲ್ಲಿ ತೊಲೆಯನ್ನು ತಟ್ಟಿ ಪರೀಕ್ಷಿಸಲು ಹೇಳಬೇಕು. ಗಾಡಿ ಎತ್ತಿ ನೋಡಲು ಕಾಫಿ ಕಣ ಸರಿ, ಆದರೆ ಹೀಗೆ ತೊಳೆಯುವ ಕೆಲಸವನ್ನು ಅಲ್ಲಿ ಮಾಡಬಾರದು, ಜಿಡ್ಡು ಬಿದ್ದ ಕಣದಲ್ಲಿ ಕಾಫಿ ಹರವಿದರೆ ವಾಸನೆ ಹಿಡಿಯುತ್ತದೆ. ತೋಡಿನ (ಸಣ್ಣ ಹಳ್ಳದ) ಬದಿಯೂ ಬೇಡ. ಕೊಡಗಿನ ತೋಡುಗಳ ನೀರು ಹೋಗಿ ಸೇರುವ ಹೊಳೆಗಳಿಂದಲೇ ಕೆಳಗಿನ ಊರುಗಳು ಕುಡಿಯುತ್ತವೆ.

ಬ್ರೇಕಿನಿಂದ ಕಿರ್ರೆನ್ನುವ ಸದ್ದು

ಡಿಸ್ಕ್ ಬ್ರೇಕಾದರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುವುದು ಸಾಮಾನ್ಯ. ಖಾಲಿ ಜಾಗದಲ್ಲಿ ಮೆಲ್ಲಗೆ ಹಿಂದೆ ಮುಂದೆ ಓಡಿಸಿದರೆ ಎಷ್ಟೋ ಸಲ ಅದು ತಾನಾಗಿಯೇ ಉದುರುತ್ತದೆ, ಇಲ್ಲದಿದ್ದರೆ ಮಂದ ಒತ್ತಡದ ನೀರು ಹಾಯಿಸಬೇಕು. ಡ್ರಮ್ಮಿನೊಳಗೆ ಕೆಸರು ಹೋಗಿದ್ದರೆ ಡ್ರಮ್ ಬಿಚ್ಚದೆ ಪರಿಹಾರವಿಲ್ಲ. ಒಣಗಿದ ದೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬಾರದು, ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಗಾಡಿ ತೊಳೆದ ದಿನ ಬ್ರೇಕ್ ಹಿಡಿತ ಕಡಿಮೆ ಇರುವುದು ಸಹಜ, ಮೆಲ್ಲಗೆ ಓಡಿಸುತ್ತಾ ನಾಲ್ಕೈದು ಸಲ ಹಗುರವಾಗಿ ಒತ್ತಿದರೆ ಒಣಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯುವುದು, ಗಾಡಿ ಒಂದು ಬದಿಗೆ ಎಳೆಯುವುದು, ಚಕ್ರದ ಒಳಬದಿಯಲ್ಲಿ ಎಣ್ಣೆಯಂತಹ ಪಸೆ ಕಾಣುವುದು ಇವುಗಳಲ್ಲಿ ಯಾವುದೊಂದು ಇದ್ದರೂ ಗಾಡಿಯನ್ನು ಓಡಿಸಬಾರದು.

ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ದೀಪ ಉರಿಯುತ್ತಿದ್ದರೆ ಚಕ್ರದ ಬಳಿಯ ಸೆನ್ಸರಿಗೆ ಕೆಸರು ಮುಚ್ಚಿರಬಹುದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಸ್ವಲ್ಪ ದೂರ ಓಡಿಸಿದ ಮೇಲೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಬೇಕು.

ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ

ಕೂಲೆಂಟ್ ಮಟ್ಟ ಸರಿಯಿದ್ದೂ ಸೂಜಿ ಮೇಲೇರಿದರೆ ರೇಡಿಯೇಟರಿನ ಮುಂಭಾಗವನ್ನು ಟಾರ್ಚ್ ಹಿಡಿದು ನೋಡಬೇಕು. ರೆಕ್ಕೆಗಳ ಸಂದಿಗೆ ಕೆಸರು ತುಂಬಿ ಗಾಳಿ ಹಾಯದಂತಾಗಿರುತ್ತದೆ. ಎಂಜಿನ್ ಬದಿಯಿಂದ ಹೊರಕ್ಕೆ, ಕೈಪೈಪಿನ ಸಾಧಾರಣ ನೀರನ್ನು ಮಾತ್ರ ಹಾಯಿಸಬೇಕು. ಪ್ರೆಶರ್ ವಾಷರ್ ಆ ತೆಳು ರೆಕ್ಕೆಗಳನ್ನು ಮಡಚಿಬಿಡುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು.

ಕ್ರೌನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ

ಕ್ರೌನ್ ಆಯಿಲ್ ಎಂದರೆ ಆಕ್ಸಲ್ಲಿನ ಒಳಗಿನ ಹಲ್ಲುಚಕ್ರಗಳಿಗೆ ಹಾಕುವ ಎಣ್ಣೆ. ಇದು ತಾನಾಗಿ ಕಣ್ಣಿಗೆ ಬೀಳುವ ಲಕ್ಷಣವಲ್ಲ, ಹುಡುಕಿ ನೋಡಬೇಕಾದದ್ದು. ಓಡಿ ಕಾದ ಆಕ್ಸಲ್ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಕೊರತೆಯನ್ನು ತುಂಬಲು ಗಾಳಿನಳಿಕೆಯಿಂದ ಗಾಳಿ ಬರಬೇಕು. ನಳಿಕೆಯ ಬಾಯಿಗೆ ಕೆಸರು ಮೆತ್ತಿದ್ದರೆ ಅಥವಾ ಅದು ನೀರಿನೊಳಗೇ ಮುಳುಗಿದ್ದರೆ ಗಾಳಿಯ ಬದಲು ನೀರು, ನಳಿಕೆಯಿಂದಲೋ ಸೀಲಿನ ಅಂಚಿನಿಂದಲೋ, ಒಳಗೆ ಎಳೆದುಕೊಳ್ಳಲ್ಪಡುತ್ತದೆ. ಆದ್ದರಿಂದ ತಳವನ್ನು ತೊಳೆದ ದಿನವೇ ಆ ನಳಿಕೆಯ ಮುಚ್ಚಳವನ್ನು ಬೆರಳಿನಿಂದ ಆಡಿಸಿ ಸಡಿಲವಾಗಿದೆಯೇ ಎಂದು ನೋಡುವುದು, ಬಿಗಿದಿದ್ದರೆ ಬಿಚ್ಚಿ ಶುಚಿಗೊಳಿಸುವುದು ಯಾವ ಖರ್ಚೂ ಇಲ್ಲದ ರಕ್ಷಣೆ.

ಚಕ್ರದ ಹಬ್ಬು ಮುಳುಗುವಷ್ಟು ನೀರು ದಾಟಿದ್ದರೆ ಎಣ್ಣೆಯನ್ನೂ ನೋಡಬೇಕು. ಗಾಡಿ ಒಂದು ರಾತ್ರಿ ನಿಂತ ಮೇಲೆ, ಸಮತಟ್ಟು ನೆಲದಲ್ಲಿ, ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟು ಬಿಚ್ಚಬೇಕು. ಅದು ತುಕ್ಕು ಹಿಡಿದು ಬಿಚ್ಚದಿದ್ದರೆ ಕೆಳಗಿನದನ್ನು ಮುಟ್ಟಲೇಬಾರದು, ಇಲ್ಲವಾದರೆ ಎಣ್ಣೆ ಪೂರ್ತಿ ಇಳಿದು ಮತ್ತೆ ತುಂಬಲು ದಾರಿಯಿಲ್ಲದ ಸ್ಥಿತಿ ಬರುತ್ತದೆ. ಮೇಲಿನದು ಬಿಚ್ಚಿದರೆ ಕೆಳಗಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನಾಲ್ಕು ಚಮಚದಷ್ಟನ್ನು ಗಾಜಿನ ಲೋಟಕ್ಕೆ ಹಿಡಿಯಬೇಕು. ತಿಳಿಯಾದ ಜೇನಿನ ಬಣ್ಣದಿಂದ ಕಪ್ಪಿನವರೆಗೆ ಯಾವುದಿದ್ದರೂ ನೀರಿಲ್ಲವೆಂದು ತಿಳಿಯಬಹುದು. ಮೊದಲು ನೀರಿನ ಹನಿ ಬಂದರೆ ಅಥವಾ ಎಣ್ಣೆ ಹಾಲು ಕಾಫಿಯಂತೆ ಮಂಕಾಗಿದ್ದರೆ ಎಣ್ಣೆಯನ್ನು ತಡಮಾಡದೆ ಬದಲಿಸಬೇಕು, ನೀರು ಬೆರೆತ ಎಣ್ಣೆ ಹಲ್ಲುಗಳನ್ನೂ ಬೇರಿಂಗನ್ನೂ ಕಾಯುವುದಿಲ್ಲ. ಸಣ್ಣ ಲೋಹದ ಚೂರುಗಳು ಬೆರಳಿಗೆ ಸಿಕ್ಕರೆ ಎಣ್ಣೆ ಬದಲಿಸಿ ಓಡಿಸುವ ಹಂತ ದಾಟಿದೆ.

ಬದಲಿಸಿದ ಮೇಲೆ ಕೆಲವು ದಿನ, ನೀರಿಗೆ ಇಳಿಸದೆ, ಸಾಧಾರಣ ದಾರಿಯಲ್ಲಿ ಓಡಿಸಿ ಮತ್ತೊಮ್ಮೆ ಲೋಟಕ್ಕೆ ಹಿಡಿದು ನೋಡಬೇಕು. ಮೊದಲ ಸಲ ಉಳಿದ ನೀರಿನಿಂದ ಸ್ವಲ್ಪ ಮಂಕು ಕಾಣಬಹುದು, ಆಗ ಇನ್ನೊಮ್ಮೆ ಎಣ್ಣೆ ಬದಲಿಸಿದರೆ ತೀರುತ್ತದೆ. ಮುಂದಿನ ಸಲ ಹೊಳೆ ದಾಟಿದ ಕೂಡಲೇ ಮತ್ತೆ ಅದೇ ಹಾಲಿನ ಬಣ್ಣ ಬಂದು, ಗಾಳಿನಳಿಕೆಯೂ ಸರಿಯಿದ್ದರೆ, ಸೀಲ್ ಸವೆದಿದೆ. ಅದನ್ನು ಬದಲಿಸಲು ಆಕ್ಸಲ್ ಶಾಫ್ಟನ್ನು ಎಳೆಯಬೇಕಾಗುವುದರಿಂದ ಆ ಕೆಲಸ ಗ್ಯಾರೇಜಿಗೆ ಸೇರಿದ್ದು, ಇಳಿಸಿದ ಹಳೆಯ ಎಣ್ಣೆಯ ಕ್ಯಾನನ್ನೂ ಅಲ್ಲಿಗೇ ಒಯ್ದು ಕೊಡಬೇಕು.